ನಾಲ್ಕು ಊರು, ಹಳೆಯ ಗುರುತು

ದೇಶಾಟನದಿಂದ ಮನುಷ್ಯನ ಬುದ್ಧಿಯು ಅರಳುವದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಕಾಶೀ-ರಾಮೇಶ್ವರಗಳನ್ನು ಕಂಡು ಬಂದವರು ಈ ಮಾತನ್ನು ಒಪ್ಪುವದು ಸಹಜವೇ. ಆದರೆ ನಮ್ಮಂಥ ಸಾಲಿಯ ಮಾಸ್ತರರ ದೇಶಾಟನವು ಬಹುತರ ಒಂದು ಜಿಲ್ಲೆಯ ಎಲ್ಲೆಯನ್ನು ದಾಟುವದಿಲ್ಲ. ವರ್ಗವಾದ ಊರಿಗೆ ಗಂಟುಮೂಟೆ ಕಟ್ಟುತ್ತ, ಅಲ್ಲಿಯ ಹುಡುಗರಿಗೆ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸುತ್ತ ಮೂರು ದಶಕಗಳನ್ನು ಕಳೆದು, ಈಗ ಧಾರವಾಡದಲ್ಲಿ ವಿಶ್ರಾಂತಿಯಿಂದ ಇದ್ದೇವೆ. ಹೊಸ ದೇಶದಲ್ಲಿ ತಿರುಗುವವನು ಗುಡ್ಡ ಹೊಳೆಗಳನ್ನು ನೋಡುವನು. ತಾನು ಇದ್ದು ಬಂದ ಸೀಮೆಯಲ್ಲಿ ತಿರುಗುವವನಿಗೆ ಗುಡ್ಡ ಹೊಳೆಗಳಿಗಿಂತ ಮೊದಲು ಜನರು ಎದುರಾಗುವರು.

ತರ್ಕಶಾಸ್ತ್ರದಲ್ಲಿ ಪ್ರತ್ಯಭಿಜ್ಞೆಯೆಂಬದೊಂದು ಮಾತು ಉಂಟು. ಎಂದೋ ಒಂದು ಊರಿನಲ್ಲಿ ಕಂಡಿದ್ದ ದೇವದತ್ತನೆಂಬವನನ್ನು ಇಂದು ಮತ್ತೊಂದು ಊರಿನಲ್ಲಿ ಕಂಡು, ‘ಇವನೇ ಆ ದೇವದತ್ತನು’ ಎಂದು ತಿಳಿಯುವದೇ ಪ್ರತ್ಯಭಿಜ್ಞೆ. ಇದರಲ್ಲಿ ಕಣ್ಣಿನ ಕೆಲಸವೆಷ್ಟು, ಹಳೆಯ ಸಂಸ್ಕಾರದ ಕೆಲಸವೆಷ್ಟು ಎಂದು ಪಂಡಿತರು ಬೇಕಾದಷ್ಟು ವಾದಿಸಿರುವರು. ಆದರೆ ದೇವದತ್ತನಿಗೆ ತನ್ನನ್ನು ಯಾರಾದರೂ ಗುರುತಿಸುವದು ಬೇಕಾಗಿರುವದೋ ಇಲ್ಲವೋ ಎಂಬದನ್ನು ಮಾತ್ರ ಅವರು ಕೇಳಿದಂತೆ ಕಾಣುವದಿಲ್ಲ. ಕಳೆದ ಪುಷ್ಯಮಾಸದಲ್ಲಿ ನಾಲ್ಕು ಊರುಗಳನ್ನು ಸುತ್ತಿ ಬಂದಾಗ ಈ ಪ್ರಶ್ನೆಯೇ ನಮ್ಮನ್ನು ಬಹಳವಾಗಿ ಕಾಡಿತು.

ಪ್ರಯಾಣದ ಕಾರಣವೇನೂ ದೊಡ್ಡದಲ್ಲ. ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಬರುವ ಕೂಸಿಗೆ ತೊಟ್ಟಿಲು ಕಲಘಟಗಿಯದೇ ಆಗಬೇಕೆಂದು ನಮ್ಮ ಹಟ. ಹೆಸರಿಡುವ ದಿನ ಹಾಸುವ ಜಮಖಾನೆಯು ನವಲಗುಂದದ್ದೇ ಆಗಬೇಕೆಂದು ನಮ್ಮ ಗೃಹಿಣಿಯ ಹಟ. ಆಕೆಯ ತವರೂರು ನವಲಗುಂದ. ತವರಿನ ವಸ್ತುವಿನ ವಿಷಯದಲ್ಲಿ ಹೆಣ್ಣುಮಕ್ಕಳೊಡನೆ ವಾದಿಸಿ ಗೆದ್ದವರು ಯಾರು?

ಹುಬ್ಬಳ್ಳಿಯಿಂದ ವಿಜಾಪುರದ ಹೆದ್ದಾರಿ ಹಿಡಿದು ಬಸ್ಸು ಹೊರಟಿತು. ಹುಬ್ಬಳ್ಳಿ ಹಿಂದೆ ಬಿದ್ದ ಕೂಡಲೆ ಎರೆಯ ಸೀಮೆ. ಕಣ್ಣು ಹಾಯುವವರೆಗೆ ಕರಿಯ ನೆಲ. ಅದರ ಮೇಲೆ ಬಿಳಿಜೋಳ, ಕಡಲೆ, ಅಲ್ಲಲ್ಲಿ ಕುಸುಬಿ. ಅರ್ಧ ಹಾದಿಗೆ ಕಂಡಕ್ಟರನು ನಮ್ಮ ಹತ್ತಿರ ಬಂದು ನಿಂತು ಮೋರೆಯನ್ನೇ ನೋಡಹತ್ತಿದನು. ನಾವು ಹಣ ಚಾಚಿದೆವು. 2023ರ ಜೂನ್ ತಿಂಗಳಿನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿರುವದು ವಾಚಕರಿಗೆ ಗೊತ್ತೇ ಇದೆ. ಆತನು ನಮ್ಮ ಗೃಹಿಣಿಗೆ ಶೂನ್ಯದ ಚೀಟಿಯನ್ನು ಕೊಟ್ಟು, ನಮ್ಮ ಕಡೆಗೆ ತಿರುಗಿ, “ಅವ್ವಾರಿಗೆ ವಚನಾನ ಇಲ್ಲರಿ ಸರ, ನಿಮಗಷ್ಟ ಏಕವಚನ!” ಅಂದನು.

ಬಸ್ಸಿನವರೆಲ್ಲ ಗಾಬರಿಯಾಗಿ ನೋಡಿದರು. ಹಿರಿಯರನ್ನು ಏಕವಚನದಿಂದ ಕರೆಯುತ್ತೇನೆಂದು ಕಂಡಕ್ಟರನೊಬ್ಬನು ಹೇಳಿದರೆ ಗಾಬರಿಯಾಗದೆ ಏನು! ನಮಗೆ ಮಾತ್ರ ಆಗ ಆತನು ತಟ್ಟನೆ ನೆನಪಾದನು. ದ್ವಿವಚನವೆಂದರೆ ಬೆವರುತ್ತಿದ್ದ, ‘ರಾಮೌ’ ಎಂಬಲ್ಲಿಗೆ ಬಂದು ಪ್ರತಿದಿನವೂ ನಿಂತುಬಿಡುತ್ತಿದ್ದ, ಕಡೆಯ ಸಾಲಿನ ಹುಡುಗ. ತಿಂಗಳಿಗೆ ಎಷ್ಟು ಸಾವಿರ ಜನರನ್ನು ಆತನು ಏರಿಸಿ ಇಳಿಸುವನೋ! ಅಷ್ಟು ಮೋರೆಗಳ ನಡುವೆ ನಮ್ಮದೊಂದನ್ನು ಹಿಡಿದು ತೆಗೆದನಲ್ಲ. ನವಲಗುಂದದಲ್ಲಿ ಇಳಿಯುವಾಗ ನಮ್ಮ ಚೀಲವನ್ನು ತಾನೇ ಹೊತ್ತು ಕೆಳಗಿಳಿಸಿದನು. “ದ್ವಿವಚನ ಈಗ ಬರತೈತೇನಪ್ಪಾ?” ಎಂದು ಕೇಳಿದೆವು. “ಲಗ್ನಾದ ಮ್ಯಾಲೆ ಬಂತರಿ ಸರ,” ಎಂದು ಹೇಳಿ ಸೀಟಿ ಊದಿದನು.

ನವಲಗುಂದದ ಜಮಖಾನೆಯನ್ನು ಕುರಿತು ಒಂದೆರಡು ಮಾತು ಹೇಳಬೇಕು. ಇದನ್ನು ನೇಯುವವರು ಮುಸಲ್ಮಾನ ಹೆಣ್ಣುಮಕ್ಕಳು. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಅವರ ಹಿರಿಯರು ಅಲ್ಲಿಂದ ಬಂದು ನೆಲೆಸಿದರೆಂಬ ಪ್ರತೀತಿಯಿದೆ. ಮನೆಯೊಳಗೆ ಗೋಡೆಗೆ ಸೇರಿಸಿದಂತೆ ನೆಟ್ಟನೆ ನಿಲ್ಲಿಸಿದ ಮಗ್ಗ. ಅದರ ಮುಂದೆ ಕುಳಿತು ಬಣ್ಣದ ಹತ್ತಿಯ ನೂಲನ್ನು ಕೈಯಿಂದಲೇ ಹೊಗಿಸಿ, ಕಬ್ಬಿಣದ ಹಣಿಗೆಯಿಂದ ಗಟ್ಟಿಯಾಗಿ ಬಡಿಯುವರು. ನವಿಲು, ಪಗಡೆಯ ಹಾಸು ಮೊದಲಾದ ಚಿತ್ರಗಳು ಎರಡೂ ಮಗ್ಗಲಿಗೆ ಒಂದೇ ತರಹ ಮೂಡುವವು. ಭೌಗೋಳಿಕ ಸೂಚಿಯ ಮನ್ನಣೆಯು ಇದಕ್ಕೆ ದೊರೆತಿದೆ. ಆದರೆ ನೇಯುವ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವವು. ಒಂದು ದೊಡ್ಡ ಜಮಖಾನೆಗೆ ವಾರಗಟ್ಟಲೆ ದುಡಿದು ಬರುವ ಹಣವು ಸಂಸಾರಕ್ಕೆ ಎಲ್ಲಿ ಸಾಕಾದೀತು?

ನಾವು ಹೋದ ಮನೆಯಲ್ಲಿ ಒಬ್ಬ ನಡುವಯಸ್ಸಿನ ಹೆಣ್ಣುಮಗಳು ಹಣಿಗೆ ಬಡಿಯುತ್ತ ಬೆನ್ನು ಮಾಡಿ ಕುಳಿತಿದ್ದಳು. ನಮ್ಮ ಗೃಹಿಣಿಯು ಬೆಲೆಯನ್ನು ಕೇಳಿದಳು. ಬಡಿತವು ನಿಂತಿತು. ಆಕೆಯು ತಿರುಗಿ ಕೂಡ ನೋಡದೆ, “ಈ ದನಿ ಮಠದ ಓಣಿಯದಲ್ಲೇನು?” ಅಂದಳು. ಅನಂತರ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ಕ್ಷಣಹೊತ್ತು ನೋಡಿದರು. “ಗೋಳೀಬಾರಿನ ದಿನ ನೀ ಇದ ಮಗ್ಗದ ಹಿಂದ ನನ್ನ ಕೂಡ ಕುಂತಿದ್ದೆಲ್ಲವಾ!” ಎಂದು ಆಕೆ ಎದ್ದು ಬಂದು ಕೈ ಹಿಡಿದಳು.

1980ನೆಯ ಇಸವಿಯ ಜುಲೈ 21ರ ಸಂಗತಿಯದು. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರವನ್ನು ವಿರೋಧಿಸಿ ನರಗುಂದ ನವಲಗುಂದಗಳ ರೈತರು ಬೀದಿಗಿಳಿದಿದ್ದರು. ಅಂದು ಗೋಳೀಬಾರು ಆಗಿ ಪ್ರಾಣಗಳು ಹೋದವು. ಮುಂದೆ ಆ ಕಿಡಿಯು ರಾಜ್ಯದಲ್ಲೆಲ್ಲ ಹಬ್ಬಿ ರೈತರ ಸಂಘಟನೆಗೆ ಕಾರಣವಾದದ್ದು ಇತಿಹಾಸದ ಮಾತು. ಈಗಲೂ ಪ್ರತಿವರ್ಷ ಆ ದಿನ ನವಲಗುಂದದಲ್ಲಿ ಹುತಾತ್ಮರ ಸ್ಮರಣೆ ನಡೆಯುವದು. ಸಾಲಿಯಿಂದ ಮನೆಗೆ ಹೋಗುತ್ತಿದ್ದ ನಮ್ಮ ಗೃಹಿಣಿಯನ್ನು, ಆಗಿನ್ನೂ ಹನ್ನೆರಡರ ಹುಡುಗಿ, ಈ ಮನೆಯ ಅಜ್ಜಿಯು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳಂತೆ. ಸಂಜೆಯವರೆಗೆ ಇಬ್ಬರು ಹುಡುಗಿಯರೂ ಮಗ್ಗದ ಮರೆಯಲ್ಲಿ ಉಸಿರು ಹಿಡಿದು ಕುಳಿತಿದ್ದರಂತೆ. ಲಗ್ನವಾಗಿ ಇಷ್ಟು ವರ್ಷವಾದರೂ ನಮಗೆ ಈ ಸಂಗತಿಯು ತಿಳಿದಿರಲಿಲ್ಲ. ಆ ದಿನದ ಸಾಕ್ಷಿಯೊಬ್ಬಳು ಎದುರಿಗೆ ಬಂದ ಮೇಲೆಯೇ ಅದು ಬಾಯಿಗೆ ಬಂದಿತು. ನಾವು ಹೊರಗಿನ ಕಟ್ಟೆಯ ಮೇಲೆ ಎರಡು ತಾಸು ಕುಳಿತೆವು. ಜಮಖಾನೆಯ ಬೆಲೆಯನ್ನು ಆಕೆಯು ಇಳಿಸಹೋದಳು, ಈಕೆಯು ಏರಿಸಹೋದಳು. ವ್ಯಾಪಾರದ ಇಂಥ ರೀತಿಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಮಗಳೊಬ್ಬಳೇ ಇರುವಳೆಂದು ಗೃಹಿಣಿಯು ಜಮಖಾನೆಯೊಡನೆ ಹಿಂದಿರುಗಿದಳು. ನಾವು ಅಣ್ಣಿಗೇರಿಯ ಹಾದಿ ಹಿಡಿದೆವು.

ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ರಾಜಧಾನಿಯಾಗಿದ್ದ ಊರು. ಈಚೆಗೆ ತಾಲೂಕಿನ ಪದವಿಯನ್ನು ಪಡೆದಿದೆ. ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರನ ಗುಡಿಯಲ್ಲಿ 76 ಕಂಬಗಳುಂಟು. ಆದಿಕವಿ ಪಂಪನಿಗೂ ಈ ಊರಿಗೂ ಇರುವ ನಂಟು ತಿಳಿದ ಬಗೆಯು ಸೋಜಿಗದ್ದು. ಈಗ ತೆಲಂಗಾಣದಲ್ಲಿರುವ ಗಂಗಾಧರಮ್ ಎಂಬಲ್ಲಿ ಕವಿಯ ತಮ್ಮನಾದ ಜಿನವಲ್ಲಭನು ಬಂಡೆಯ ಮೇಲೆ ಶಾಸನವನ್ನು ಕೊರೆಯಿಸಿದನು. ತಮ್ಮ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅದರಲ್ಲಿ ಹೇಳಿದೆ. ಅಷ್ಟು ದೂರದ ಕಲ್ಲಿನ ಮೇಲೆ ತಾಯಿಯ ತವರನ್ನು ಮರೆಯದೆ ಬರೆಯಿಸಿದನು! ಸಾವಿರ ವರ್ಷಗಳ ತರುವಾಯ ಪಂಡಿತರು ಅದನ್ನು ಓದಿದಾಗ ಅಣ್ಣಿಗೇರಿಗೆ ತನ್ನ ಮಗಳ ಮಗನು ದೊರೆತಂತಾಯಿತು.

ಗುಡಿಯಲ್ಲಿ ಒಬ್ಬ ಗೃಹಸ್ಥರು ನಮ್ಮನ್ನು ಕಂಡವರೇ ಓಡಿಬಂದು ಕಾಲಿಗೆರಗಿ, “ಗುರುಗಳ, ಎಷ್ಟ ವರ್ಷಾತರಿ!” ಎಂದು ಕಣ್ಣೊರೆಸಿಕೊಂಡರು. ಹತ್ತು ನಿಮಿಷ ಮಾತಾದ ಬಳಿಕ ಅವರು ನಮ್ಮನ್ನು ತಮ್ಮ ಚಿತ್ರಕಲೆಯ ಮಾಸ್ತರರೆಂದು ತಿಳಿದಿರುವರೆಂಬದು ಹೊರಬಿದ್ದಿತು. ಆ ಮಾಸ್ತರರು ತೀರಿಹೋಗಿ ಬಹಳ ದಿನಗಳಾಗಿದ್ದವು; ಅದನ್ನು ನಾವೇ ತಿಳಿಸಬೇಕಾಯಿತು. ಹಗ್ಗವನ್ನು ಕಂಡು ಹಾವೆನ್ನುವದು ಭ್ರಾಂತಿಯೆಂದು ಪಾಠ ಹೇಳಿದ ನಮಗೆ, ಭ್ರಾಂತಿಯ ಹಗ್ಗವಾಗುವ ಯೋಗವು ಅಂದೇ ಒದಗಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಬಿಡ್ರಿ, ನೀವೂ ಮಾಸ್ತರ ಅಲ್ಲೇನು,” ಎಂದು ಚಹ ಕುಡಿಸಿದರು.

ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿ. ರಾತ್ರಿ ಅಲ್ಲಿಯೇ ತಂಗಿದ್ದು ಮರುದಿನ ಕುಂದಗೋಳ. ಆ ಊರಿನಲ್ಲಿ ನಮಗೆ ಬಂಧುಗಳೂ ಇಲ್ಲ, ಶಿಷ್ಯರೂ ಇಲ್ಲ. ಹೋದದ್ದು ನಾಡಗೀರರ ವಾಡೆಯನ್ನು ನೋಡಬೇಕೆಂದು. 1948ರವರೆಗೆ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು ಈ ಊರಿನವರು. ಅಬ್ದುಲ್ ಕರೀಂಖಾನರಲ್ಲಿ ಕಲಿತು ಕಿರಾಣಾ ಘರಾಣೆಯ ಗಾಯನವನ್ನು ಈ ನಾಡಿಗೆ ತಂದವರು. ಅವರಲ್ಲಿ ಗಾನವಿದ್ಯೆಯನ್ನು ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಸಂಜೆ ಪಾಠ ಮುಗಿದ ಮೇಲೆ ಅವರನ್ನು ಸ್ಟೇಶನ್ನಿನವರೆಗೆ ಕಳಿಸಿ ಬರುವ ಕೆಲಸವು ಗುರುಗೃಹದಲ್ಲಿದ್ದ ಒಬ್ಬ ಹುಡುಗನದು. ಆತನೇ ಭೀಮಸೇನ ಜೋಶಿ.

ಜೋಶಿಯವರ ಕಥೆಯನ್ನು ಬಲ್ಲವರು ಬಹಳ. ಆದರೂ ನಮ್ಮ ವಿಷಯಕ್ಕೆ ಅದರಷ್ಟು ಹೊಂದುವದು ಮತ್ತೊಂದಿಲ್ಲ. 1933ರಲ್ಲಿ, ಹನ್ನೊಂದು ವರ್ಷದ ಹುಡುಗನಿದ್ದಾಗ, ಗುರುವನ್ನು ಹುಡುಕಿಕೊಂಡು ಗದಗಿನ ಮನೆಯಿಂದ ಓಡಿಹೋದರು. ಕೈಯಲ್ಲಿ ಹಣವಿಲ್ಲ, ರೈಲಿನಲ್ಲಿ ಹಾಡುತ್ತ ಊರೂರು ಅಲೆದರು. ಕಲಕತ್ತೆಯಲ್ಲಿ ಪಹಾಡಿ ಸನ್ಯಾಲರೆಂಬ ಪ್ರಸಿದ್ಧ ನಟರ ಮನೆಯಲ್ಲಿ, ಏನಾದರೂ ಕಲಿಯಲು ಸಿಕ್ಕೀತೆಂಬ ಆಶೆಯಿಂದ ಮನೆಗೆಲಸಕ್ಕೆ ನಿಂತರು. ಕೊನೆಗೆ ಜಲಂಧರವನ್ನು ಮುಟ್ಟಿದರು. ಅಲ್ಲಿಯ ಹರಿವಲ್ಲಭ ಸಮ್ಮೇಳನಕ್ಕೆ ಬಂದಿದ್ದ ವಿನಾಯಕರಾವ ಪಟವರ್ಧನರು, ಇಷ್ಟು ದೂರ ಯಾಕೆ ಬಂದೆ, ನಿಮ್ಮ ಕಡೆಯೇ ಸವಾಯಿ ಗಂಧರ್ವರಿರುವರಲ್ಲ ಎಂದು ಹೇಳಿದರಂತೆ. ಹಿಂದೂಸ್ಥಾನವನ್ನೆಲ್ಲ ಸುತ್ತಿ ತಿಳಿದದ್ದು ಇಷ್ಟು: ಗುರುವು ಗದಗಿನಿಂದ ಅರ್ಧ ದಿವಸದ ಹಾದಿಯಲ್ಲಿ ಇದ್ದನು! 1936ರಲ್ಲಿ ಕುಂದಗೋಳದಲ್ಲಿ ಶಿಷ್ಯವೃತ್ತಿಯು ಮೊದಲಾಯಿತು. ನೀರು ಹೊರುವದೂ ಅದರಲ್ಲಿ ಸೇರಿತ್ತು.

ಮುಂದೆ ಹಲವು ವರ್ಷಗಳ ತರುವಾಯ ಕಲಕತ್ತೆಯಲ್ಲಿ ಜೋಶಿಯವರ ಕಛೇರಿಯಾಯಿತು. ಮೆಚ್ಚಿದ ಶ್ರೋತೃಗಳಲ್ಲಿ ಪಹಾಡಿ ಸನ್ಯಾಲರೂ ಇದ್ದರು. ಆ ದೊಡ್ಡ ಗಾಯಕನು ಯಾರೆಂಬದು ಅವರಿಗೆ ಹೊಳೆಯಲಿಲ್ಲ. ಆಗ ಜೋಶಿಯವರು ತಾವಾಗಿಯೇ, ನಿಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗನೇ ನಾನು ಎಂದು ತಿಳಿಸಿದರು. 2008ರಲ್ಲಿ ಅವರಿಗೆ ಭಾರತರತ್ನವು ಘೋಷಿತವಾದಾಗ ಎಲ್ಲರೂ ಸಂತೋಷಪಟ್ಟೆವು. ಆದರೆ ನಮಗೆ ಈ ಒಂದು ಮಾತೇ ಹೆಚ್ಚಿನದೆಂದು ಅನಿಸುವದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ತನ್ನನ್ನು ಈಗಿನ ತನ್ನ ಪಕ್ಕಕ್ಕೆ ಕೂಡಿಸಿಕೊಂಡು, ಇವನೇ ಅವನು ಎನ್ನುವ ಅಧಿಕಾರವು ನಿಜವಾಗಿ ಆ ಮನುಷ್ಯನೊಬ್ಬನದೇ ಅಲ್ಲವೆ? ವಾಡೆಯ ಅಂಗಳದಲ್ಲಿ ನಿಂತಾಗ ಈ ವಿಚಾರವು ಬಂದಿತು. ಎರಡು ದಿನಗಳೊಳಗೆ ಅದು ನಮ್ಮ ಕೊರಳಿಗೇ ಬರುವದೆಂಬ ಕಲ್ಪನೆಯು ಆಗ ಇರಲಿಲ್ಲ.

ಕಲಘಟಗಿಯು ಜಿಲ್ಲೆಯ ಪಡುವಣ ಮೂಲೆ. ಹುಬ್ಬಳ್ಳಿಯಿಂದ ಕಾರವಾರದ ಹಾದಿಯಲ್ಲಿ ಸಾಗಿದಂತೆ ಎರೆಯ ನೆಲವು ಹಿಂದುಳಿದು ಕೆಂಪು ಮಣ್ಣು, ಬತ್ತದ ಗದ್ದೆ, ಮಾವಿನ ತೋಪುಗಳು ಬರುವವು. ಗಾಳಿಯಲ್ಲಿ ಮಲೆನಾಡಿನ ತಂಪು ತಿಳಿಯಹತ್ತುವದು. ಇಲ್ಲಿಯ ಬಣ್ಣದ ತೊಟ್ಟಿಲು ಹೆಸರುವಾಸಿಯಾದದ್ದು. ಒಳ್ಳೆಯ ಸಾಗುವಾನಿಯ ಕಟ್ಟಿಗೆ. ಅದರ ಮೇಲೆ ಅರಗಿನ ಬಣ್ಣ. ಬದಿಯ ಹಲಗೆಗಳ ಮೇಲೆ ಬಾಲಕೃಷ್ಣನ ಲೀಲೆ, ರಾಮಾಯಣದ ಪ್ರಸಂಗಗಳು. ಒಂದು ತೊಟ್ಟಿಲಿನಲ್ಲಿ ಮೂರು ನಾಲ್ಕು ತಲೆಮಾರುಗಳು ಮಲಗಿ ಎದ್ದಿರುವ ಮನೆಗಳನ್ನು ನಾವು ಬಲ್ಲೆವು.

ಮುಂದಿನ ಸಂಗತಿಯನ್ನು ಬರೆಯುವಾಗ ಯಾರ ಗುರುತೂ ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿರುವೆವು, ವಾಚಕರು ಒಪ್ಪಿಸಿಕೊಳ್ಳಬೇಕು.

ನಾವು ತೊಟ್ಟಿಲನ್ನು ಆರಿಸಿದೆವು. ಅಂಗಡಿಯ ಲೆಕ್ಕಪತ್ರ ನೋಡುವ ವೃದ್ಧನೊಬ್ಬನು ಅದನ್ನು ಕಟ್ಟಿಸತೊಡಗಿದನು. ತೂಗುಹಾಕುವ ಕೊಂಡಿಗಳನ್ನು ಒಂದೊಂದಾಗಿ ಕಾಗದದಲ್ಲಿ ಇಡುತ್ತ ತನ್ನಷ್ಟಕ್ಕೆ ಎಣಿಸುತ್ತಿದ್ದನು: “ಏಕಮ್, ದ್ವೇ, ತ್ರೀಣಿ, ಚತ್ವಾರಿ.” ನಮ್ಮ ಮೈ ಜುಮ್ಮೆಂದಿತು. ಗೋಟಿಯಿರಲಿ, ಹುಣಸೆಯ ಬೀಜವಿರಲಿ, ಎಣಿಸುವದೆಲ್ಲವೂ ಸಂಸ್ಕೃತದಲ್ಲಿಯೇ ಆಗಬೇಕೆಂದು ನಮ್ಮ ಊರಿನ ಪಾಠಶಾಲೆಯ ಗುರುಗಳ ಕಟ್ಟಪ್ಪಣೆಯಿತ್ತು. ನಾವು ಆತನ ಎಡಗಿವಿಯ ಹಿಂದೆ ನೋಡಿದೆವು. ಬಾಲ್ಯದಲ್ಲಿ ಹೋಳಿಯ ಬೆಂಕಿಯಿಂದಾದ ಸುಟ್ಟ ಕಲೆಯು ಅಲ್ಲಿಯೇ ಇದ್ದಿತು. ವೃದ್ಧನೆಂದು ಬರೆದೆವಲ್ಲ, ಆತನು ನಮ್ಮ ವಯಸ್ಸಿನವನೇ.

ಬೆಣ್ಣಿಹಳ್ಳದ ದಂಡೆಯ ಆ ಊರಿನಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಕಲಿತವರು. ಆತನು ನಮಗಿಂತ ಜಾಣನು. ತಂದೆ ತೀರಿದ ಮೇಲೆ ಕಿರಾಣಿ ಅಂಗಡಿಯನ್ನು ಇಟ್ಟನು, ಸಾಲವು ಬೆಳೆಯಿತು. 1988ರಲ್ಲಿ ಒಂದು ರಾತ್ರಿ ತಾಯಿಗೂ ಹೇಳದೆ ಊರು ಬಿಟ್ಟನು. ಸಾಲಗಾರರು ಬಾಗಿಲಿಗೆ ಬಂದು ಕೂಗಾಡಿದರು. ಆ ತಾಯಿಯು ನಾಲ್ಕೆಕರೆ ಎರೆಯ ಹೊಲವನ್ನು ಮಾರಿ ಪೈಗೆ ಪೈ ತೀರಿಸಿ, ಹದಿನೈದು ವರ್ಷ ಹಾದಿ ನೋಡಿ 2003ರಲ್ಲಿ ಕಣ್ಣು ಮುಚ್ಚಿದಳು. ಆಕೆಯ ಕೊನೆಯ ದಿನಗಳಲ್ಲಿ ನಾವು ಹತ್ತಿರವಿದ್ದೆವು. “ಎಲ್ಲರೆ ಕಂಡರ ಹೇಳಪಾ, ಕಾಗದ ಎಲ್ಲಾ ಹರಿಸೇನಿ, ಯಾರದೂ ಬಾಕಿ ಇಲ್ಲ ಅಂತ,” ಎಂದು ಎರಡು ಸಲ ಹೇಳಿಸಿಕೊಂಡು ವಚನ ತೆಗೆದುಕೊಂಡಿದ್ದಳು.

ಪಾವತಿಯನ್ನು ಬರೆಯಲು ಆತನು ನಮ್ಮ ಹೆಸರನ್ನು ಕೇಳಿದನು. ಹೇಳಿದೆವು. ಲೇಖಣಿಯು ನಿಂತಿತು, ಮತ್ತೆ ನಡೆಯಿತು. ಮೋರೆಯನ್ನು ಮೇಲಕ್ಕೆ ಎತ್ತಲಿಲ್ಲ. “ಯಾವೂರಾತರಿ ಯಜಮಾನ್ರ?” ಅಂದನು. ನಮಗೆ ಗೊತ್ತಾದದ್ದು ಆತನಿಗೆ ಗೊತ್ತಾಗಿತ್ತು. ಆತನಿಗೆ ಗೊತ್ತಾದದ್ದು ನಮಗೂ. ಹೆಸರು ಹಿಡಿದು ಕರೆದು ಅಪ್ಪಿಕೊಳ್ಳಬೇಕೆಂಬ ಆಶೆಯು ಎದೆಯವರೆಗೆ ಬಂದಿತ್ತು. ಆದರೆ ಒಳಗಿನಿಂದ ಅಂಗಡಿಯ ಮಾಲಕನು ಆತನನ್ನು ಕೂಗಿದ ಹೆಸರೇ ಬೇರೆ. ಕಟ್ಟುತ್ತಿದ್ದ ಹುಡುಗರು ಸುತ್ತಲೂ ನಿಂತಿದ್ದರು. ಆತನು ಹೊಸ ಹೆಸರಿನಲ್ಲಿ ಮಾನದಿಂದ ಬದುಕಿರುವನು; ಅದನ್ನು ಒಡೆಯಲು ನಾವು ಯಾರು? ಹಾಗೆಂದು ತಾಯಿಗೆ ಕೊಟ್ಟ ವಚನವನ್ನು ಕಟ್ಟಿಟ್ಟುಕೊಂಡು ಮರಳಿ ಹೋಗುವದೂ ಸಾಧ್ಯವಿರಲಿಲ್ಲ.

“ಧಾರವಾಡ,” ಎಂದು ಹೇಳಿ, ಮಾತಿಗೆ ಮಾತು ಎಂಬಂತೆ ಮುಂದುವರಿಸಿದೆವು: “ಮೂಲ ನವಲಗುಂದದ ಕಡೆಯವರು. ನಮ್ಮ ಗೆಳೆಯನೊಬ್ಬ ಇದ್ದನರಿ. ಸಾಲಕ್ಕಂಜಿ ಊರು ಬಿಟ್ಟ. ಅವರವ್ವ ಹೊಲ ಮಾರಿ ಎಲ್ಲಾ ತೀರಿಸಿದಳು. ಕಾಗದಾನೂ ಹರಿಸಿದಳು. ಸಾಯೋತನಕ ಒಂದ ದಿನಾ ಮಗಗ ಬೈಲಿಲ್ಲ. ಅವಗ ಈ ಸುದ್ದಿ ಮುಟ್ಟಿತೋ ಇಲ್ಲೋ ಅನ್ನೋದ ನಮಗೊಂದ ಚಿಂತಿ ಉಳದೈತಿ.”

ಆತನು ಪಾವತಿಯ ಕಾಗದವನ್ನು ನಿಧಾನವಾಗಿ ಹರಿದನು, ಮಡಿಚಿದನು, ಮತ್ತೆ ಬಿಚ್ಚಿ ಮತ್ತೆ ಮಡಿಚಿದನು. ಬಹಳ ಹೊತ್ತಿನ ಮೇಲೆ, “ಯಾವಾಗ ತೀರಿಕೊಂಡರಿ ಆ ಅವ್ವಾರು?” ಎಂದು ಕೇಳಿದನು. ಮಾಸ ತಿಥಿಗಳನ್ನು ಹೇಳಿದೆವು. ಕಾರ್ತಿಕ ಬಹುಳ ದಶಮಿ. ಆತನ ತುಟಿಗಳು ಅದನ್ನು ಒಮ್ಮೆ ಅಂದುಕೊಂಡವು. ಅನಂತರ, “ಮಳಿಗಾಲದಾಗ ಬೆಣ್ಣಿಹಳ್ಳ ಈಗೂ ಹಂಗ ಏರಿ ಬರತೈತೇನ್ರಿ?” ಅಂದನು.

ನಾವು ಹಳ್ಳದ ಹೆಸರನ್ನು ಎತ್ತಿರಲಿಲ್ಲ.

“ಬರತೈತ್ರಿ. 2019ರಾಗ ಭಾಳ ಬಂದಿತ್ತು. ಊರ ಮುಂದಿನ ಗುಡಿ ಕಟ್ಟಿ ಮಟಾ ನೀರು,” ಎಂದೆವು.

“ಬೇವಿನ ಗಿಡ?”

“ಐತಿ.”

ಅದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ. ತೊಟ್ಟಿಲನ್ನು ಹುಡುಗರ ಕೈಗೆ ಕೊಡದೆ ಆತನೇ ಒಂದು ತುದಿಯನ್ನು ಹಿಡಿದು ಬಸ್ಸಿನ ನಿಲ್ದಾಣದವರೆಗೆ ಬಂದನು. ಸಾಮಾನಿನ ಬಾಡಿಗೆಯ ವಿಷಯದಲ್ಲಿ ಕಂಡಕ್ಟರನೊಡನೆ ಚೌಕಾಶಿ ಮಾಡಿದನು. ಯಾರ ಮನೆಯ ಕೂಸಿಗೆ ಎಂದು ಕೇಳಿದನು. ಮಗಳ ಚೊಚ್ಚಲ ಕೂಸಿಗೆ ಎಂದು ಹೇಳಿದಾಗ, ಕಟ್ಟಿದ ಹಗ್ಗವನ್ನು ಇನ್ನೊಂದು ಸಲ ಬಿಗಿದು ನೋಡಿದನು. ಬಸ್ಸು ಧಾರವಾಡದ ಹಾದಿಗೆ ತಿರುಗುವವರೆಗೂ ಅಲ್ಲಿಯೇ ನಿಂತಿದ್ದನು.

ಮೊಮ್ಮಗಳು ಹುಟ್ಟಿ ಈಗ ಐದು ತಿಂಗಳು. ತೊಟ್ಟಿಲು ಚಲೋ ತೂಗುತ್ತದೆ. ಕೊಂಡಿಗಳು ನಾಲ್ಕೂ ಗಟ್ಟಿ. ಮುಂದಿನ ಸಲ ಕಲಘಟಗಿಗೆ ತಾನೂ ಬರುವೆನೆಂದು ನಮ್ಮ ಗೃಹಿಣಿಯು ಹಟ ಹಿಡಿದಿರುವಳು. ಯಾವ ಅಂಗಡಿಯೆಂದು ಆಕೆಗೆ ಇನ್ನೂ ಹೇಳಿಲ್ಲ.